ಹನ್ನೊಂದು, ನಲವತ್ತೈದು

ಗೋಣಿತಾಟಿನಲ್ಲಿ ಸುತ್ತಿ, ಬಾಳೆನಾರಲ್ಲಿ ಬಿಗಿದು ತಂದಿದ್ದಳು ದೇಚಕ್ಕ.
ಬಿಚ್ಚುವ ಮುಂಚೆಯೇ ಹೇಳಿದಳು:
ಜೋಪಾನ, ಇದು ಏಳು ಜನರನ್ನು ಕೊಂದದ್ದು.

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ ನನ್ನ ಅಂಗಡಿ.
ಪಲ್ಟನ್ನಿನಲ್ಲಿ ಇಪ್ಪತ್ತೆರಡು ವರ್ಷ ರೈಫಲು ಬಿಚ್ಚಿ ಜೋಡಿಸಿದವನು
ಈಗ ಕಳೆ ಕೊಚ್ಚುವ ಮೆಷಿನ್ನುಗಳ ಕಾರ್ಬೊರೇಟರ್ ಊದುತ್ತೇನೆ.
ಏಳು ಎಂದದ್ದು ಕೇಳಿ
ಕೈ ಒರೆಸಿಕೊಂಡೆ, ಹಳೇ ಅಭ್ಯಾಸ.

ತುಕ್ಕೆಂದರೆ ತುಕ್ಕು,
ಹಲಸಿನ ತೊಗಟೆಯ ಹಾಗೆ ಹಕ್ಕಳೆ ಎದ್ದದ್ದು.
ಚಿಕ್ಕಜ್ಜನ ಬಯೊನೆಟ್, ಬರ್ಮಾ ಯುದ್ಧದ್ದು,
ಕೈಲ್ ಮುಹೂರ್ತಕ್ಕೆ ಕೋವಿಗಳ ಪಕ್ಕ ಇಟ್ಟು
ತೋಕ್ ಪೂ ಸಿಕ್ಕಿಸ್ತೇವೆ.
ಮೈಸೂರಿನವನೊಬ್ಬ ಕೇಳಿದ್ದಾನೆ, ಹಳೇ ಸಾಮಾನಿನವನು.
ಎಷ್ಟು ಬಾಳುತ್ತೆ ನೋಡು. ಥಳಥಳ ಮಾಡು.

ಥಳಥಳ ಬೇಡ ಅಕ್ಕ, ಎಂದೆ.
ಗ್ರೈಂಡರ್ ಹಿಡಿದರೆ ಹತ್ತೇ ನಿಮಿಷ,
ಆಮೇಲೆ ಅದು ಯಾರದೂ ಅಲ್ಲ.

ಪೈಪಿನ ತುಂಡಿಗೆ ಒಂದು ಕಡೆ ಬಿರಡೆ ಬಡಿದು
ಮೂರು ರಾತ್ರಿ ಸೀಮೆಎಣ್ಣೆಯಲ್ಲಿ ನಿಲ್ಲಿಸಿದೆ.
ನಾಲ್ಕನೆಯ ಬೆಳಿಗ್ಗೆ ತೂತುಬಿಲ್ಲೆಯಿಂದ ಕೆರೆದೆ:
ಉಕ್ಕಿಗಿಂತ ಮೆದು, ಗೀರು ಬೀಳದು.
ಆ ಕಾಸಿಗೆ ಉಳಿದಿರುವುದು ಇದೊಂದೇ ಚಲಾವಣೆ.

ಮೊದಲು ಎದ್ದದ್ದು ಅರ್ಧ ಕಿರೀಟ.
ಆಮೇಲೆ ಇಶಾಪುರ ಕಾರ್ಖಾನೆಯ ಮೂರಕ್ಷರ.
ಬೆನ್ನಿಗೊಂದು ಗುಣಾಕಾರದ ಗುರುತು:
ಬಾಗಿಸಿ ನೋಡಿದ್ದಾರೆ, ಬಾಗಿ ಮತ್ತೆ ನೆಟ್ಟಗಾಗಿದೆ.
ಈ ಜಾತಿಯ ಅಲಗು ಹನ್ನೆರಡಂಗುಲ. ಅಳೆದರೆ ಹತ್ತೂಕಾಲು.
ತುದಿ ಮುರಿದಿಲ್ಲ, ಸವೆದಿದೆ,
ಒಂದೇ ಪಕ್ಕಕ್ಕೆ, ಬಲಗೈಯವನ ಸವೆತ,
ಕೂತು ನೆಲ ಕೆದಕಿದವನ ಸವೆತ.
ಅಂಚಿಗೆ ಸಾಣೆ ಮುಟ್ಟೇ ಇಲ್ಲ.

ಕನ್ನಡಕ ಹಣೆಗೇರಿಸಿ ಭೂತಗನ್ನಡಿ ಇಟ್ಟೆ.
ಹನ್ನೊಂದು, ನಲವತ್ತೈದು.
ನವೆಂಬರ್.
ಯುದ್ಧ ಆಗಸ್ಟಿನಲ್ಲೇ ಮುಗಿದಿತ್ತು.

ಮತ್ತೆ ಕೆರೆದೆ, ಐದು ಮೂರಾದೀತೇನೋ ಎಂದು.
ಐದೇ.

ಹಿಡಿಯ ಮರ ಬಿಚ್ಚಿದೆ, ಎರಡೇ ಸ್ಕ್ರೂ.
ಒಳಗೆ ಕೆಮ್ಮಣ್ಣಿನ ಹೆಪ್ಪು,
ಅದರಲ್ಲಿ ಕೂದಲೆಳೆಯಂಥ ಒಂದು ಬೇರು.

ಸಂತೆಯ ದಿನ ಚೀಲ ಹಿಡಿದು ಬಂದಳು.
ಮರಕ್ಕೆ ಅಗಸೆ ಎಣ್ಣೆ ಕುಡಿಸಿದ್ದೆ. ಅಲಗು ಕಪ್ಪಗೆ, ಮಂಕಾಗಿ
ತನ್ನ ವಯಸ್ಸಿನಷ್ಟೇ ಕಾಣುತ್ತಿತ್ತು.
ಎಷ್ಟು?
ತುದಿಗೆ ಅರ್ಧ ಕಳೀತಾನೆ. ಒರೆ ಇಲ್ಲ, ಅದಕ್ಕಿಷ್ಟು.
ಎರಡೂವರೆ ಸಾವಿರ. ಮನಸ್ಸು ಬಂದರೆ ಮೂರು.
ಏಳು ಜನಕ್ಕಾ?

ಬಾಯಲ್ಲಿ ಹೇಳಲಾಗಲಿಲ್ಲ. ಇಸವಿಯ ಮೇಲೆ ಬೆರಳಿಟ್ಟೆ.
ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು,
ಎರಡು ಸಲ ನೋಡಲಿಲ್ಲ.

ನಕ್ಕಳು.
ಉತ್ತಯ್ಯಜ್ಜ ಇದ್ದದ್ದು ಲಂಗರಿನಲ್ಲಿ, ರೊಟ್ಟಿ ಬಡೀತಿದ್ದ.
ಏಳು ಅಂದದ್ದು ಅಜ್ಜಿ. ಊರವರೆಲ್ಲ ಕೂತಿದ್ದಾಗ, ಒಮ್ಮೆ.
ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಇದನ್ನೇ ಎತ್ತಿಕೊಂಡು ಬೇಲಿ ಬದಿಗೆ ಗೆಣಸು ಅಗೆಯೋಕೆ ಹೋದ.
ಹೋಗ್ತಾನೇ ಇದ್ದ, ಸಾಯೋವರೆಗೆ.

ಮೈಸೂರಿನವನಿಗೆ ಏನನ್ನಲಿ?
ಹಬ್ಬ ಕಳೀಲಿ, ಎಂದಳು. ಈ ಸಲ ಕೋವಿ ಪಕ್ಕ ಬೇಡ,
ಅಂತ ಏನೋ ಹೇಳಹೊರಟು
ಬಸ್ಸಿನ ಹಾರನ್ನಿಗೆ ಎದ್ದುಬಿಟ್ಟಳು.
ಮುನ್ನೂರಕ್ಕೆ ಇನ್ನೂರೈವತ್ತು ಕೊಟ್ಟಳು, ಅದೂ ಚೌಕಾಸಿ ಮಾಡಿ.

ಪೈಪಿನ ತಳದಲ್ಲಿ ಕೆಂಪು ಕೆಸರು ಇಳಿದಿದೆ.
ತುಕ್ಕೆಷ್ಟು, ಮಣ್ಣೆಷ್ಟು, ಬೇರೆ ಮಾಡಲಾಗದು.
ಎಲ್ಲಿ ಚೆಲ್ಲಬೇಕೆಂದು ತೋಚದೆ
ಮೂಲೆಯಲ್ಲಿ ಒರಗಿಸಿಟ್ಟಿದ್ದೇನೆ.